ಪ್ರಗತಿ ಶೇಕಡಾ ನೂರು

ನಮ್ಮ ವಿಜ್ಞಾನ ಶಿಕ್ಷಕರ ಜ್ಞಾನ ಪರಿಷ್ಕರಣೆ ಮುಗಿದಿದೆ. ಅನುಮಾನ ಬೇಡ, ದಾಖಲೆ ಇದೆ. ಪಿಡಿಎಫ್ ರೂಪದಲ್ಲಿದೆ. ಅದರ ಮೇಲೆ ಹೆಸರಿದೆ, ದಿನಾಂಕವಿದೆ, ಲಾಂಛನವಿದೆ. ಇಷ್ಟೆಲ್ಲ ಇದ್ದ ಮೇಲೂ ವಿಜ್ಞಾನ ಎಲ್ಲಿ ಎಂದು ಕೇಳುವವರಿಗೆ ಹೊಟ್ಟೆಕಿಚ್ಚು ಅಷ್ಟೇ.

ಜ್ಞಾನ ಹೇಗೆ ಬಂತು ಅಂತೀರಾ? ವಾಟ್ಸ್‌ಆ್ಯಪ್‌ನಲ್ಲಿ ಬಂತು. ಬೆಂಗಳೂರಿನಿಂದ ಜಿಲ್ಲೆಯ ಡಯಟ್‌ಗೆ, ಡಯಟ್‌ನಿಂದ ತಾಲ್ಲೂಕಿನ ಬಿಇಒ ಕಚೇರಿಗೆ, ಅಲ್ಲಿಂದ ಸಿಆರ್‌ಪಿಗೆ, ಸಿಆರ್‌ಪಿಯಿಂದ ಕ್ಲಸ್ಟರ್ ಗ್ರೂಪಿಗೆ ಒಂದು ಲಿಂಕ್ ಉರುಳಿಕೊಂಡು ಬರುತ್ತದೆ. ಕೆಳಗೆ ದಪ್ಪಕ್ಷರದ ಒಕ್ಕಣೆ: ಇಂದು ಸಂಜೆ 5 ಗಂಟೆಯೊಳಗೆ ಕಡ್ಡಾಯವಾಗಿ ಪೂರ್ಣಗೊಳಿಸತಕ್ಕದ್ದು, ತಪ್ಪಿದಲ್ಲಿ ತಾವೇ ನೇರ ಹೊಣೆ. ಮೂವತ್ತು ಮಂದಿ ಕೈಮುಗಿಯುವ ಚಿತ್ರ ಹಾಕುತ್ತಾರೆ. ಒಬ್ಬರು ‘ಓಕೆ ಸರ್’ ಎನ್ನುತ್ತಾರೆ. ತರಬೇತಿ ಆರಂಭವಾಯಿತು.

ವಿಡಿಯೊ ಒತ್ತಿ ಮೊಬೈಲನ್ನು ಮೇಜಿನ ಮೇಲೆ ಕವುಚಿ ಇಡಬೇಕು. ಧ್ವನಿ ಸೊನ್ನೆ. ಅದು ತನ್ನ ಪಾಡಿಗೆ ಪಾಠ ಹೇಳಿಕೊಳ್ಳುತ್ತದೆ. ಮೇಷ್ಟ್ರು ತಮ್ಮ ಪಾಡಿಗೆ ಬಿಸಿಯೂಟದ ಲೆಕ್ಕ ಬರೆದುಕೊಳ್ಳುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ತೊಂದರೆಪಡಿಸುವುದಿಲ್ಲ. ಕೊನೆಗೆ ರಸಪ್ರಶ್ನೆ. ನೂರಕ್ಕೆ ಎಪ್ಪತ್ತು ಬರಬೇಕು. ಬರದೆ ಎಲ್ಲಿಗೆ ಹೋಗುತ್ತದೆ? ಯೂಟ್ಯೂಬಿನಲ್ಲಿ ಕೋರ್ಸಿನ ಹೆಸರು ಹೊಡೆದರೆ ಸಾಕು, ಪಾಠಕ್ಕಿಂತ ಮೊದಲು ಉತ್ತರ ಸಿಗುತ್ತದೆ. ಎಲ್ಲ ಮಾಡ್ಯೂಲಿನದೂ, ಕ್ರಮವಾಗಿ, ಸರಿಯುತ್ತರಕ್ಕೆ ಹಸಿರು ಗುರುತಿನ ಸಮೇತ. ಕೆಳಗೆ ಧನ್ಯವಾದಗಳ ಸಾಲು.

ಮದುವೆ ಮನೆಗೆ ಹೋಗಿ, ಮುಯ್ಯಿ ಪುಸ್ತಕದಲ್ಲಿ ಹೆಸರು ಬರೆಸಿ, ಊಟ ಮಾಡದೆ ಎದ್ದು ಬಂದಂತೆ ಇದು.

ಮಾರನೆಯ ದಿನ ಅದೇ ಮೇಷ್ಟ್ರು ಕಿರುಪರೀಕ್ಷೆಯಲ್ಲಿ ಪಕ್ಕದವನ ಹಾಳೆ ನೋಡಿದ ಹುಡುಗನನ್ನು ಎಬ್ಬಿಸಿ ನಿಲ್ಲಿಸುತ್ತಾರೆ. ‘ನಾಳೆ ಅಪ್ಪನ್ನ ಕರ್ಕೊಂಡು ಬಾ’ ಎನ್ನುತ್ತಾರೆ. ಅಪ್ಪನನ್ನು ಯಾಕೆ ಕರೆಸಬೇಕು? ಹುಡುಗ ಗುರುಗಳ ಹಾದಿಯಲ್ಲೇ ನಡೆದಿದ್ದಾನಲ್ಲ.

ಮೇಷ್ಟ್ರೊಬ್ಬರನ್ನೇ ಬೈದು ಮುಗಿಸುವುದು ಸುಲಭ. ಇಲಾಖೆಗೆ ಬೇಕಾದ್ದೂ ಅದೇ. ಆದರೆ ಈ ಮನೆ ಕಟ್ಟಿದವರು ಬೇರೆ.

2017ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನವೇ ನೋಡಿ, ದೀಕ್ಷಾ ಎಂಬ ರಾಷ್ಟ್ರೀಯ ಡಿಜಿಟಲ್ ವೇದಿಕೆ ಉದ್ಘಾಟನೆಯಾಯಿತು. 2019ರ ಆಗಸ್ಟ್ 21ರಂದು ನಿಷ್ಠಾ ಎಂಬ ತರಬೇತಿ ಬಂತು. ಗುರಿ ಎಷ್ಟು? 42 ಲಕ್ಷ ಶಿಕ್ಷಕರು. ಆಮೇಲೆ ಕೋವಿಡ್ ಬಂತು. 2020ರ ಅಕ್ಟೋಬರ್‌ನಲ್ಲಿ ತರಬೇತಿ ದೀಕ್ಷಾ ಮೂಲಕ ಮೊಬೈಲಿನೊಳಕ್ಕೆ ಹೊಕ್ಕಿತು. ಕೋವಿಡ್ ಹೋಯಿತು, ತರಬೇತಿ ಹೊರಗೆ ಬರಲಿಲ್ಲ. ಅದೇ ವರ್ಷದ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ 50 ಗಂಟೆ ವೃತ್ತಿಪರ ಕಲಿಕೆ ನಡೆಸಬೇಕೆಂದಿತು. ಮುಂದೆ ನಮ್ಮ ರಾಜ್ಯದಲ್ಲಿ ಸರ್ಕಾರ ಬದಲಾಯಿತು. ಹೊಸ ಸರ್ಕಾರ ಆ ನೀತಿ ನಮಗೆ ಬೇಡ ಎಂದಿತು. ಲಿಂಕ್ ಬರುವುದು ನಿಲ್ಲಲಿಲ್ಲ.

ಗಂಟೆ ಎಣಿಸಬಹುದು. ತಿಳಿವಳಿಕೆ ಎಣಿಸಲಾಗದು. ಎಣಿಸಲು ಬಾರದ್ದು ಸರ್ಕಾರದ ಪಾಲಿಗೆ ಇಲ್ಲವೇ ಇಲ್ಲ.

ಇನ್ನು ಆ ಗಂಟೆಗಳಲ್ಲಿ ಏನಿತ್ತು? ಪ್ರಾಥಮಿಕ ಶಿಕ್ಷಕರಿಗಾಗಿ ಆನ್‌ಲೈನ್‌ನಲ್ಲಿ ಹೊರಟ ನಿಷ್ಠಾದಲ್ಲಿ 18 ಮಾಡ್ಯೂಲ್. ಶಾಲಾ ನಾಯಕತ್ವಕ್ಕೊಂದು. ಕಲೆ ಬೆರೆತ ಕಲಿಕೆಗೊಂದು. ಸರ್ಕಾರ ಏನೇನು ಮಾಡಿದೆ ಎಂದು ತಿಳಿಸಲೂ ಒಂದು. ಪರಿಸರ ಅಧ್ಯಯನವನ್ನು ಬದಿಗಿಟ್ಟರೆ, ವಿಜ್ಞಾನ ಎಂಬ ಹೆಸರು ಹೊತ್ತದ್ದು ಒಂದೇ ಒಂದು. ಅದೂ ವಿಜ್ಞಾನವನ್ನು ಹೇಗೆ ಕಲಿಸಬೇಕು ಎಂಬುದರ ಮೇಲೆ. ಯಾವ ವಿಜ್ಞಾನವನ್ನು ಎಂದು ಕೇಳಬಾರದು. ಅದು ಮೇಷ್ಟ್ರಿಗೆ ಮೊದಲೇ ಗೊತ್ತಿದೆ ಎಂಬುದು ಇಲಾಖೆಯ ನಂಬಿಕೆ. ನಂಬಿಕೆಯ ವಿಷಯದಲ್ಲಿ ವಾದ ಮಾಡಬಾರದು.

ಗೊತ್ತಿದೆಯೇ? ನಮ್ಮ ಪ್ರೌಢಶಾಲೆಗೆ ಒಮ್ಮೆ ಹೋಗಿ ನೋಡಿ. ಅಲ್ಲಿ ವಿಜ್ಞಾನ ಶಿಕ್ಷಕರು ಎಂಬ ಜಾತಿಯಿಲ್ಲ. ಭೌತ, ರಸಾಯನ, ಗಣಿತ ಓದಿದ ಪಿಸಿಎಂ ಇದ್ದಾರೆ, ರಸಾಯನ, ಸಸ್ಯ, ಪ್ರಾಣಿಶಾಸ್ತ್ರ ಓದಿದ ಸಿಬಿಝಡ್ ಇದ್ದಾರೆ. ಸಿಬಿಝಡ್ ಟೀಚರಮ್ಮ ಸಸ್ಯಶಾಸ್ತ್ರ ಓದಿ ಬಂದವರು. ವಿದ್ಯುತ್ ಮೋಟರಿನ ಪಾಠವೂ ಅವರದೇ. ಪಿಸಿಎಂ ಮೇಷ್ಟ್ರು ಜೀವಶಾಸ್ತ್ರದ ಪುಸ್ತಕವನ್ನು ಕೊನೆಯ ಸಲ ಮುಚ್ಚಿದ್ದು ತಮಗೆ ಮೀಸೆ ಮೂಡುವ ಹೊತ್ತಿನಲ್ಲಿ. ಸಿಬಿಝಡ್ ಹುದ್ದೆ ಖಾಲಿ ಬಿದ್ದರೆ ಮೂತ್ರಪಿಂಡವೂ ಅವರ ಪಾಲಿಗೆ ಬರುತ್ತದೆ. ಇವರಿಗೆ ಸಹಾಯ ಬೇಕಿತ್ತು. ನಾಚಿಕೆಯಿಲ್ಲದೆ ಕೇಳಬಹುದಾದ, ಸರಿಯಾದ ಉತ್ತರ ಸಿಗುವ ಜಾಗ ಬೇಕಿತ್ತು. ಕೊಟ್ಟದ್ದು ಲಿಂಕ್.

ಒಂದು ಸಣ್ಣ ಪ್ರಶ್ನೆ ತೆಗೆದುಕೊಳ್ಳಿ. ಬೇಸಿಗೆ ಯಾಕೆ ಬರುತ್ತದೆ? ಭೂಮಿ ಸೂರ್ಯನ ಹತ್ತಿರ ಹೋಗುವುದರಿಂದ ಎಂಬ ಉತ್ತರ ಎಷ್ಟು ತರಗತಿಗಳಲ್ಲಿ ರಾರಾಜಿಸುತ್ತಿದೆಯೋ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿಯ ಮೊದಲ ವಾರದಲ್ಲಿ, ಸುಮಾರು 14 ಕೋಟಿ 71 ಲಕ್ಷ ಕಿಲೋಮೀಟರ್ ದೂರದಲ್ಲಿ. ಅತಿ ದೂರ ಹೋಗುವುದು ಜುಲೈ ಮೊದಲ ವಾರದಲ್ಲಿ, ಸುಮಾರು 15 ಕೋಟಿ 21 ಲಕ್ಷ ಕಿಲೋಮೀಟರಿಗೆ. ಹತ್ತಿರ ಹೋದಾಗ ಸೆಕೆ ಎನ್ನುವವರು ಜನವರಿಯಲ್ಲಿ ಸ್ವೆಟರ್ ಯಾಕೆ ಹಾಕಿಕೊಳ್ಳುತ್ತಾರೆ? ಕಾರಣ ಭೂಮಿಯ ಅಕ್ಷದ ಇಪ್ಪತ್ಮೂರೂವರೆ ಡಿಗ್ರಿ ವಾಲು. ಇದು ಪಠ್ಯದಲ್ಲೇ ಇದೆ. ಹುಡುಗ ಎದ್ದು ನಿಂತು ಇದನ್ನೇ ಕೇಳಿದರೆ ಸಿಗುವ ಉತ್ತರ, ‘ಪರೀಕ್ಷೆಗೆ ಬರಲ್ಲ, ಕೂತ್ಕೊ.’

ಇನ್ನೊಂದು. ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಮೇಣದ ಬತ್ತಿ, ಮೇಲೆ ಲೋಟ ಕವುಚಿ. ಬತ್ತಿ ಆರುತ್ತದೆ, ಲೋಟದೊಳಗೆ ನೀರು ಏರುತ್ತದೆ. ‘ನೋಡಿ ಮಕ್ಕಳೇ, ಆಮ್ಲಜನಕ ಮುಗಿಯಿತು, ಐದರಲ್ಲಿ ಒಂದು ಪಾಲು ನೀರು ತುಂಬಿತು.’ ವಿಜ್ಞಾನ ಮೇಳದಲ್ಲಿ ಇದಕ್ಕೆ ಬಹುಮಾನವೂ ಉಂಟು. ಮಕ್ಕಳಿಗೆ ಕಣ್ಣಿದೆಯಲ್ಲ? ನೀರು ಭರ್ರನೆ ಏರುವುದು ಬತ್ತಿ ಆರುವಾಗ, ಆರಿದ ಮೇಲೆ. ಬಿಸಿಗೆ ಹಿಗ್ಗಿದ್ದ ಗಾಳಿ ತಣಿದು ಕುಗ್ಗುತ್ತದೆ, ಹೊರಗಿನ ಒತ್ತಡ ನೀರನ್ನು ಒಳಕ್ಕೆ ನೂಕುತ್ತದೆ. ಎರಡು ಬತ್ತಿ ಇಟ್ಟರೆ ನೀರು ಇನ್ನೂ ಮೇಲೇರುತ್ತದೆ. ಎರಡು ಬತ್ತಿ ಇಟ್ಟ ತಕ್ಷಣ ಗಾಳಿಯಲ್ಲಿ ಆಮ್ಲಜನಕ ಹೆಚ್ಚಾಯಿತೇ? ಕೇಳುವವರಿಲ್ಲ. ತಪ್ಪು ಪ್ರಯೋಗದ ವಿಡಿಯೊಗಳು ಮಾತ್ರ ಯೂಟ್ಯೂಬಿನಲ್ಲಿ ಬೇಕಾದಷ್ಟಿವೆ. ಹಿನ್ನೆಲೆ ಸಂಗೀತ ಚೆನ್ನಾಗಿರುತ್ತದೆ.

ಮೂರನೆಯದು ನಾಲಿಗೆ. ತುದಿಯಲ್ಲಿ ಸಿಹಿ, ಬದಿಯಲ್ಲಿ ಹುಳಿ, ಹಿಂದೆ ಕಹಿ. ಬಣ್ಣ ಬಳಿದ ನಾಲಿಗೆಯ ಭೂಪಟ ಶಾಲೆಯ ಗೋಡೆಯ ಮೇಲೂ ಇದೆ, ಮೊಬೈಲಿನ ಪರದೆಯ ಮೇಲೂ ಇದೆ. 1901ರ ಒಂದು ಜರ್ಮನ್ ಪ್ರಬಂಧವನ್ನು ಮುಂದಿನವರು ತಪ್ಪಾಗಿ ಓದಿದ್ದರ ಫಲ ಇದು. ಎಲ್ಲ ರುಚಿಯೂ ನಾಲಿಗೆಯ ಎಲ್ಲ ಬದಿಗೂ ಗೊತ್ತಾಗುತ್ತದೆ. ಪರೀಕ್ಷಿಸಲು ಚಿಟಿಕೆ ಸಕ್ಕರೆ ಸಾಕು. ಬಿಸಿಯೂಟದ ಅಡುಗೆಮನೆಯಲ್ಲಿ ಸಕ್ಕರೆ ಇದೆ. ಮೇಷ್ಟ್ರ ಬಾಯಲ್ಲಿ ನಾಲಿಗೆಯೂ ಇದೆ. ಪರೀಕ್ಷಿಸಲು ಆದೇಶ ಬಂದಿಲ್ಲ.

ಸಂಪನ್ಮೂಲದ ಕೊರತೆ ಎಂದು ಯಾರಾದರೂ ವೇದಿಕೆ ಮೇಲೆ ಗೋಳಾಡಿದರೆ ಮೈಕ್ ಕಿತ್ತುಕೊಳ್ಳಿ. ಕೊರತೆ ಎಲ್ಲಿದೆ?

ಅರವಿಂದ ಗುಪ್ತಾ ಕಸದಿಂದ ರಸ ತೆಗೆದು ತೋರಿಸಿದವರು. ಸ್ಟ್ರಾ, ಬೆಂಕಿಕಡ್ಡಿ, ಹಳೆ ಸೈಕಲ್ ಟ್ಯೂಬುಗಳಲ್ಲಿ ಮಾಡಿದ ಆಟಿಕೆಗಳೂ ಸಾವಿರಾರು ಪುಸ್ತಕಗಳೂ ಅವರ ಜಾಲತಾಣದಲ್ಲಿ ಪುಕ್ಕಟೆ ಬಿದ್ದಿವೆ. 2018ರಲ್ಲಿ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. ಪ್ರಶಸ್ತಿ ಕೊಟ್ಟ ಮೇಲೆ ಅವರ ಆಟಿಕೆ ಶಾಲೆಗೆ ಹೋಗಬೇಕು ಎಂಬ ನಿಯಮವೇನಿಲ್ಲ. ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಅಣಕು ಪ್ರಯೋಗಗಳಿವೆ. ನೊಬೆಲ್ ಪಡೆದ ಕಾರ್ಲ್ ವೈಮನ್ 2002ರಲ್ಲಿ ಶುರು ಮಾಡಿದ್ದು, ಕೆಲವು ಕನ್ನಡಕ್ಕೂ ಬಂದಿವೆ. ಮುಂಬೈಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಅರ್ಧ ಶತಮಾನದಿಂದ ಇದೇ ಕೆಲಸದಲ್ಲಿದೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಶಾಲಾ ಶಿಕ್ಷಕರಿಗಾಗಿಯೇ ‘ಐ ವಂಡರ್’ ಎಂಬ ವಿಜ್ಞಾನ ಪತ್ರಿಕೆ ತರುತ್ತದೆ. ನಮ್ಮ ಶಿಕ್ಷಕರೇ ಸೇರಿ ಬರೆದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲದ ಪುಟಗಳಿವೆ.

ಅಷ್ಟು ದೂರ ಯಾಕೆ? 1978ರಲ್ಲಿ ಶುರುವಾದ ‘ಬಾಲ ವಿಜ್ಞಾನ’ ಕನ್ನಡದಲ್ಲಿ, ಕನ್ನಡದ ಹುಡುಗರಿಗೆ ಅರ್ಥವಾಗುವ ಕನ್ನಡದಲ್ಲಿ ಬಂತು. ಶಿವರಾಮ ಕಾರಂತರು ನಾಲ್ಕು ಸಂಪುಟಗಳಲ್ಲಿ ‘ವಿಜ್ಞಾನ ಪ್ರಪಂಚ’ ಬರೆದಿಟ್ಟರು. ಕಾಲೇಜು ಬಿಟ್ಟು ಗಾಂಧಿ ಹಿಂದೆ ಹೊರಟ ಮನುಷ್ಯ. ವಿಜ್ಞಾನದ ಪದವಿಯಿಲ್ಲ. ಆನ್‌ಲೈನ್ ಪ್ರಮಾಣಪತ್ರವಂತೂ ಇಲ್ಲವೇ ಇಲ್ಲ. ಇಂದಿನ ನಿಯಮದ ಪ್ರಕಾರ ಅವರನ್ನು ಕ್ಲಸ್ಟರ್ ಮಟ್ಟದ ಸಂಪನ್ಮೂಲ ವ್ಯಕ್ತಿಯನ್ನಾಗಿಯೂ ಕರೆಯುವಂತಿಲ್ಲ.

ಇವೆಲ್ಲ ಇವೆ. ಇವುಗಳ ಅಪರಾಧ ಒಂದೇ. ಓದಿ ಮುಗಿಸಿದವರಿಗೆ ಇವು ಪಿಡಿಎಫ್ ಕೊಡುವುದಿಲ್ಲ. ಮೇಷ್ಟ್ರು ರಾತ್ರಿ ಕೂತು ಅರವಿಂದ ಗುಪ್ತಾರ ಆಟಿಕೆ ಮಾಡಿ ಬೆಳಿಗ್ಗೆ ಮಕ್ಕಳ ಕೈಗೆ ಕೊಟ್ಟರೆ ಯಾವ ಡ್ಯಾಶ್‌ಬೋರ್ಡಿನಲ್ಲೂ ಕಡ್ಡಿ ಏರುವುದಿಲ್ಲ. ಏರದಿದ್ದ ಮೇಲೆ ಅವರು ಏನೂ ಕಲಿತಿಲ್ಲ. ಅವರ ಹೆಸರು ಸಂಜೆ ‘ಬಾಕಿ ಇರುವವರು’ ಪಟ್ಟಿಯಲ್ಲಿ, ಕೆಂಪು ಬಣ್ಣದಲ್ಲಿ.

ಡಿಜಿಟಲ್ ಭಾರತದ ಶಾಲೆಗೆ ಬನ್ನಿ. ಸರ್ಕಾರದ್ದೇ ಯುಡೈಸ್ ಪ್ಲಸ್ ಲೆಕ್ಕ, 2024-25ನೇ ಸಾಲಿನದು: ದೇಶದ ಶೇ 63.5ರಷ್ಟು ಶಾಲೆಗಳಲ್ಲಿ ಇಂಟರ್ನೆಟ್ ಇದೆ. ಅಂದರೆ ಮೂರರಲ್ಲಿ ಒಂದಕ್ಕೂ ಹೆಚ್ಚು ಶಾಲೆಯಲ್ಲಿ ಇಲ್ಲ. ಶಿಕ್ಷಕರ ತರಬೇತಿ ಮಾತ್ರ ಆನ್‌ಲೈನ್. ಹೇಗೆ? ಮೇಷ್ಟ್ರ ಸ್ವಂತ ಮೊಬೈಲು, ಸ್ವಂತ ಡೇಟಾ, ಸ್ವಂತ ಚಾರ್ಜು. ಸಿಗ್ನಲ್‌ಗೆ ಸ್ವಂತ ಕಾಲು. ಮಲೆನಾಡಿನಲ್ಲಿ ಗುಡ್ಡದ ತುದಿಗೆ ಹೋಗಿ ನಿಂತರೆ ಎರಡು ಕಡ್ಡಿ ಬರುತ್ತದೆ. ಪಠ್ಯಪುಸ್ತಕದ ಪ್ರತಿ ಪಾಠಕ್ಕೂ ಕ್ಯೂಆರ್ ಕೋಡ್ ಅಂಟಿಸಿದ್ದಾರೆ. ಸ್ಕ್ಯಾನ್ ಮಾಡಿದರೆ ಒಂದು ಚಕ್ರ ತಿರುಗುತ್ತದೆ. ಅದು ತಿರುಗುತ್ತಲೇ ಇರುತ್ತದೆ. ಭೂಮಿಯ ದೈನಿಕ ಚಲನೆಗೆ ಅದಕ್ಕಿಂತ ಒಳ್ಳೆಯ ಪ್ರಾತ್ಯಕ್ಷಿಕೆ ಬೇಕೇ?

ಸರಿ, ಸಿಗ್ನಲ್ ಇದೆ ಎಂದುಕೊಳ್ಳೋಣ. ಹೊತ್ತೆಲ್ಲಿದೆ? ಬೆಳಿಗ್ಗೆ ಹಾಲು, ಆಮೇಲೆ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು, ಮೂರಕ್ಕೂ ಬೇರೆ ಬೇರೆ ಲೆಕ್ಕ. ಸ್ಯಾಟ್ಸ್ ತಂತ್ರಾಂಶದಲ್ಲಿ ಹಾಜರಾತಿ, ವಿದ್ಯಾರ್ಥಿವೇತನದ ಅರ್ಜಿ, ಆಧಾರ್ ಜೋಡಣೆ. ಚುನಾವಣೆ ಬಂದರೆ ಮತಗಟ್ಟೆಯ ಬಿಎಲ್‌ಒ. 2025ರ ಸೆಪ್ಟೆಂಬರ್ 22ರಿಂದ ಸಾಮಾಜಿಕ, ಶೈಕ್ಷಣಿಕ ಸ್ಥಿತಿಯ ಮನೆ ಮನೆ ಸಮೀಕ್ಷೆ. ಹೇಳಿದ ಹೊತ್ತಿಗೆ ಮುಗಿಯಲಿಲ್ಲ, ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ಮಕ್ಕಳಿಗೆ ರಜೆ, ಮೇಷ್ಟ್ರಿಗೆ ಓಣಿ ಓಣಿ ತಿರುಗುವ ಕೆಲಸ. ಇಷ್ಟಾದ ಮೇಲೆ ಮೇಲಿನವರು ಕೇಳುತ್ತಾರೆ: ಶಿಕ್ಷಕರು ತಮ್ಮ ವಿಷಯಜ್ಞಾನವನ್ನು ಯಾಕೆ ನವೀಕರಿಸಿಕೊಳ್ಳುತ್ತಿಲ್ಲ?

ಒಂದು ವಿಷಯದಲ್ಲಿ ಮಾತ್ರ ದೀಕ್ಷಾ ವೇದಿಕೆಯನ್ನು ಮೆಚ್ಚಬೇಕು. ಉದಾರತೆ. ದೀಕ್ಷಾದ ದತ್ತಾಂಶ ಇಟ್ಟಿದ್ದ ಒಂದು ಕ್ಲೌಡ್ ಸರ್ವರ್‌ಗೆ ಬೀಗವನ್ನೇ ಹಾಕಿರಲಿಲ್ಲ ಎಂಬ ಸುದ್ದಿ 2023ರ ಆರಂಭದಲ್ಲಿ ಹೊರಬಿತ್ತು. ಹತ್ತು ಲಕ್ಷಕ್ಕೂ ಹೆಚ್ಚು ಶಿಕ್ಷಕರ ಹೆಸರು, ಫೋನ್ ನಂಬರು, ಇಮೇಲ್ ಬಯಲಿಗೆ ಬಿದ್ದಿತ್ತು, ಅದೂ ವರ್ಷಕ್ಕೂ ಮೇಲ್ಪಟ್ಟು. ಪಾಠ ನೋಡಲು ಮೇಷ್ಟ್ರಿಗೆ ಲಾಗಿನ್ ಬೇಕು, ಪಾಸ್‌ವರ್ಡ್ ಬೇಕು, ಒಟಿಪಿ ಬೇಕು. ಮೇಷ್ಟ್ರನ್ನು ನೋಡಲು ಏನೂ ಬೇಕಿರಲಿಲ್ಲ. ಸೈಬರ್ ಸುರಕ್ಷತೆಯ ಬಗ್ಗೆ ಶಿಕ್ಷಕರಿಗೆ ಇವರು ಕೋರ್ಸ್ ಮಾಡಿಸುತ್ತಾರೆ. ಅದಕ್ಕೂ ಪ್ರಮಾಣಪತ್ರವಿದೆ.

ಇದೆಲ್ಲ ಕೊಳಾಯಿಯ ಮಾತಾಯಿತು. ಮೇಲಿನ ಟ್ಯಾಂಕಿಯಲ್ಲಿ ಏನಿದೆ ನೋಡೋಣ.

ಶಿಕ್ಷಕರ ವಿಜ್ಞಾನ ಜ್ಞಾನ ಹೆಚ್ಚಬೇಕು ಎನ್ನುವ ಎನ್‌ಸಿಇಆರ್‌ಟಿ ಹತ್ತನೆಯ ತರಗತಿಯ ಪುಸ್ತಕದಿಂದ ಜೀವವಿಕಾಸದ ಭಾಗವನ್ನು ಕತ್ತರಿಸಿತು. ಮೂಲವಸ್ತುಗಳ ಆವರ್ತ ವರ್ಗೀಕರಣದ ಅಧ್ಯಾಯವನ್ನೂ ಕಿತ್ತಿತು. ಕಾರಣ, ಕೋವಿಡ್ ಕಾಲದ ಹೊರೆ ಇಳಿಸುವುದು. 2023ರಲ್ಲಿ ಹೊಸ ಮುದ್ರಣ ಬರುವ ಹೊತ್ತಿಗೆ ಕೋವಿಡ್ ಹೋಗಿತ್ತು, ಡಾರ್ವಿನ್ನನೂ ಹೋಗಿದ್ದ. 1800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ಪತ್ರ ಬರೆದರು. ಅದೆಲ್ಲ ಹನ್ನೊಂದು, ಹನ್ನೆರಡರಲ್ಲಿ ಇದೆಯಲ್ಲ ಎಂಬುದು ಸಮಜಾಯಿಷಿ. ಹತ್ತಕ್ಕೇ ಶಾಲೆ ಬಿಡುವವರಿಗೆ, ಪಿಯುಸಿಯಲ್ಲಿ ಕಾಮರ್ಸ್ ಹಿಡಿಯುವವರಿಗೆ ವಿಕಾಸ ಬೇಡ. ಅವರು ಇದ್ದ ಹಾಗೇ ಇರಲಿ.

ಹೊರೆ ಇಳಿಯಿತು. ಖಾಲಿ ಜಾಗಕ್ಕೆ ಏನು ಬಂತು? 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿಯಿತು. ಇಸ್ರೋದ ಎಂಜಿನಿಯರುಗಳು ಸೋಲಿನಿಂದ ಲೆಕ್ಕ ಕಲಿತು, ತಿದ್ದಿ, ಮತ್ತೆ ಹಾರಿಸಿ ಇಳಿಸಿದ ನೌಕೆ. ವಿಜ್ಞಾನ ಅಂದರೆ ಇದೇ ಎಂದು ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು. ಅಕ್ಟೋಬರ್‌ನಲ್ಲಿ ಎನ್‌ಸಿಇಆರ್‌ಟಿ ಅದರ ಬಗ್ಗೆ ವಿಶೇಷ ಮಾಡ್ಯೂಲುಗಳನ್ನು ಅಂತರಜಾಲಕ್ಕೆ ಬಿಟ್ಟಿತು. ಅದರಲ್ಲಿ ವೇದ ಬಂತು, ಪುರಾಣದ ರಥ ಬಂತು, ಹಿಂದೆಯೇ ನಮ್ಮಲ್ಲಿ ಹಾರುವ ವಾಹನದ ಜ್ಞಾನವಿತ್ತು ಎನ್ನಲು ‘ವೈಮಾನಿಕ ಶಾಸ್ತ್ರ’ವೂ ಸಾಕ್ಷಿಗೆ ಬಂತು. ಟೀಕೆ ಕೇಳಿಬಂದಾಗ ಮಾಡ್ಯೂಲು ಜಾಲತಾಣದಿಂದ ಮಾಯವಾಯಿತು. ಆಮೇಲೆ ಮತ್ತೆ ಪ್ರತ್ಯಕ್ಷವಾಯಿತು. ವಿಮಾನ ಹಾರಿತೋ ಇಲ್ಲವೋ, ಫೈಲು ಹಾರಾಡಿತು.

ಈ ವೈಮಾನಿಕ ಶಾಸ್ತ್ರ ಬೇರೆ ಯಾರದೋ ಊರಿನ ಸರಕಲ್ಲ. ನಮ್ಮ ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳ ಬಾಯಿಂದ ಬಂದದ್ದು. ಚಿತ್ರ ಬರೆದುಕೊಟ್ಟವರು ಬೆಂಗಳೂರಿನ ಒಬ್ಬ ನಕ್ಷೆಗಾರರು. ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದವರು ಮೈಸೂರಿನ ಜಿ.ಆರ್. ಜೋಸ್ಯರ್. ಅದನ್ನು ಕೂಲಂಕಷವಾಗಿ ಪರೀಕ್ಷಿಸಿದವರೂ ಇಲ್ಲಿಯವರೇ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಪುಸ್ತಕದ ಭಾಷೆ ನೋಡಿದರು, ಚಿತ್ರ ನೋಡಿದರು, ಲೆಕ್ಕ ಹಾಕಿದರು. ಗ್ರಂಥ ಪ್ರಾಚೀನವಲ್ಲ, 1900ರಿಂದ 1922ರ ನಡುವಿನದು ಎಂದರು. ಅದರಲ್ಲಿ ಹೇಳಿದ ಯಾವ ವಿಮಾನವೂ ಹಾರಲಾರದು ಎಂದರು. ಆ ಪ್ರಬಂಧವೂ ಅಂತರಜಾಲದಲ್ಲೇ ಇದೆ. ಪುಕ್ಕಟೆ.

ಶಿಕ್ಷಕರಿಗೆ ಅಂತರಜಾಲದಲ್ಲಿ ವಿಜ್ಞಾನ ಹುಡುಕಿ ಓದಿ ಎನ್ನುವ ಸಂಸ್ಥೆ ತಾನೇ ಹುಡುಕಲಿಲ್ಲ. ಅರ್ಧ ಶತಮಾನ ಹಿಂದೆಯೇ ಪರೀಕ್ಷೆ ಮುಗಿದು ಫಲಿತಾಂಶ ಬಂದ ವಿಷಯವನ್ನು ಮಕ್ಕಳ ಮುಂದಿಟ್ಟಿತು. ಮೊದಲ ಪುನಶ್ಚೇತನ ಶಿಬಿರ ಯಾರಿಗೆ ಬೇಕು ಹೇಳಿ.

ಸಂವಿಧಾನದ 51ಎ ವಿಧಿ ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರಜೆಯ ಕರ್ತವ್ಯ ಎನ್ನುತ್ತದೆ. ಒಳ್ಳೆಯದು. 2019ರ ಡಿಸೆಂಬರ್ 26ರಂದು ಕಂಕಣ ಸೂರ್ಯಗ್ರಹಣವಾಯಿತು. ಕೊಡಗು, ಮಂಗಳೂರಿನ ಆಕಾಶದಲ್ಲಿ ಉಂಗುರ ಕಂಡಿತು. ಅದೇ ಹೊತ್ತಿಗೆ ಕಲಬುರಗಿ ಜಿಲ್ಲೆಯ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ತಿಪ್ಪೆಗುಂಡಿಯಲ್ಲಿ ಹೂತರು. ಗ್ರಹಣದಲ್ಲಿ ಹೂತರೆ ಕಾಯಿಲೆ ವಾಸಿಯಾಗುತ್ತದಂತೆ. 2017ರಲ್ಲೇ ಅಂಗೀಕಾರವಾಗಿದ್ದ ಮೌಢ್ಯ ನಿಷೇಧ ಕಾಯ್ದೆ ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಗ್ರಹಣ ಬಿಟ್ಟ ಮೇಲೆ.

ಗ್ರಹಣದ ದಿನ ಶಿಕ್ಷಕರ ಗ್ರೂಪುಗಳನ್ನು ನೋಡಬೇಕು. ಬೆಳಿಗ್ಗೆ ಇಲಾಖೆಯ ಲಿಂಕ್ ಬರುತ್ತದೆ: ಗ್ರಹಣ, ಒಂದು ಖಗೋಳ ವಿಸ್ಮಯ. ಅದರ ಕೆಳಗೇ ಯಾವ ರಾಶಿಯವರು ಏನು ದಾನ ಕೊಡಬೇಕು ಎಂಬ ಪಟ್ಟಿ. ಅದರ ಕೆಳಗೆ ಸೂರ್ಯನಿಂದ ಓಂಕಾರ ಕೇಳಿಬರುತ್ತದೆ ಎಂದು ನಾಸಾ ಹೇಳಿದೆ ಎಂಬ ಸುದ್ದಿ. ನಾಸಾ ಹೇಳಿಲ್ಲ. ಮೂರಕ್ಕೂ ಅದೇ ಕೈಮುಗಿಯುವ ಚಿತ್ರ. ಮನೆಯಲ್ಲಿ ಉಪ್ಪಿನಕಾಯಿ ಜಾಡಿಯ ಮೇಲೆ ದರ್ಭೆ, ಮೊಬೈಲಿನಲ್ಲಿ ಖಗೋಳ ವಿಜ್ಞಾನದ ಪ್ರಮಾಣಪತ್ರ. ಎರಡೂ ರಕ್ಷಣೆಗೇ.

ಬೇರೆ ದಾರಿ ಇರಲಿಲ್ಲವೇ ಎನ್ನಬೇಡಿ. ಇತ್ತು. ಕೊಂದದ್ದೂ ಸರ್ಕಾರವೇ.

ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆ. 1972ರಲ್ಲಿ ಕಿಶೋರ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು 16 ಸರ್ಕಾರಿ ಶಾಲೆಗಳಲ್ಲಿ ಒಂದು ಕೆಲಸ ಶುರು ಮಾಡಿದವು. ಮಕ್ಕಳು ಪ್ರಯೋಗ ಮಾಡಿಯೇ ವಿಜ್ಞಾನ ಕಲಿಯಬೇಕು. ಮೇಷ್ಟ್ರು ಮೊದಲು ತಾವು ಮಾಡಬೇಕು. ದೆಹಲಿ ವಿಶ್ವವಿದ್ಯಾಲಯದ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಹಳ್ಳಿಯ ಮೇಷ್ಟ್ರ ಜೊತೆ ನೆಲದ ಮೇಲೆ ಕೂತರು. ತಿಂಗಳಿಗೊಮ್ಮೆ ಶಿಕ್ಷಕರು ಸೇರುತ್ತಿದ್ದರು. ಎಲ್ಲಿ ಪ್ರಯೋಗ ಕೈಕೊಟ್ಟಿತು, ಮಗು ಕೇಳಿದ ಯಾವ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ ಎಂದು ಎಲ್ಲರ ಎದುರು ಹೇಳಿಕೊಳ್ಳುತ್ತಿದ್ದರು. ಮಕ್ಕಳು ಸವಾಲಿರಾಮ ಎಂಬ ಕಲ್ಪಿತ ಮನುಷ್ಯನಿಗೆ ಪ್ರಶ್ನೆ ಬರೆದರೆ ಅಂಚೆಯಲ್ಲಿ ಉತ್ತರ ಬರುತ್ತಿತ್ತು. ಪರೀಕ್ಷೆಯಲ್ಲಿ ಪುಸ್ತಕ ತೆರೆದಿಟ್ಟುಕೊಳ್ಳಬಹುದಿತ್ತು. ಪುಸ್ತಕ ನೋಡಿ ಬರೆಯಲಾಗದ ಪ್ರಶ್ನೆ ಕೇಳುವ ತಾಕತ್ತು ಅವರಿಗಿತ್ತು. 1978ರಿಂದ ಇಡೀ ಜಿಲ್ಲೆಯ ಮಾಧ್ಯಮಿಕ ಶಾಲೆಗಳಿಗೆ ಹಬ್ಬಿತು. ಆಮೇಲೆ ಏಕಲವ್ಯ ಸಂಸ್ಥೆ ಅದನ್ನು ಮುನ್ನಡೆಸಿತು.

ಇಂಟರ್ನೆಟ್ ಇರಲಿಲ್ಲ. ಡ್ಯಾಶ್‌ಬೋರ್ಡ್ ಇರಲಿಲ್ಲ. ಮೂವತ್ತು ವರ್ಷ ನಡೆಯಿತು. 2002ರಲ್ಲಿ ಸರ್ಕಾರ ಒಂದು ಆದೇಶ ಹೊರಡಿಸಿ ಮುಚ್ಚಿತು. ಅಷ್ಟೇ.

ನಮ್ಮಲ್ಲೂ ತಿಂಗಳ ಸಮಾಲೋಚನಾ ಸಭೆ ಎಂಬುದೊಂದಿದೆ. ಕ್ಲಸ್ಟರಿನ ಮೇಷ್ಟ್ರುಗಳೆಲ್ಲ ಒಂದು ಕಡೆ ಸೇರುತ್ತಾರೆ. ಉಪ್ಪಿಟ್ಟು ಇರುತ್ತದೆ. ಸಮಾಲೋಚನೆ ನಡೆಯುವುದು ಯಾವ ಶಾಲೆಯಿಂದ ಯಾವ ಮಾಹಿತಿ ಇನ್ನೂ ಬಂದಿಲ್ಲ ಎಂಬುದರ ಮೇಲೆ. ಗುಂಪು ಫೋಟೊ ತೆಗೆದು ಅಪ್‌ಲೋಡ್ ಮಾಡಿದರೆ ಸಭೆ ಯಶಸ್ವಿ.

ಆಗಸ್ಟ್ 18ರ ಆಸುಪಾಸು ಬೆಂಗಳೂರಿನಲ್ಲಿ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ನೇರ ಬರುತ್ತಾನೆ. ನೆಟ್ಟಗೆ ನಿಂತ ಕೋಲಿಗೆ ನೆರಳೇ ಇರುವುದಿಲ್ಲ. ಶಾಲೆ ನಡೆಯುತ್ತಿರುವ ಹೊತ್ತು. ಮೋಡ ಬಿಟ್ಟರೆ ಸಾಕು. ಬೇಕಾದ್ದು ಒಂದು ಕೋಲು, ಒಂದು ಅಂಗಳ. ಅಕ್ಷದ ವಾಲು, ಋತು, ಅಕ್ಷಾಂಶ ಎಲ್ಲವೂ ಕಾಲಬುಡದಲ್ಲೇ ಸಿಗುತ್ತವೆ. ಮೇಷ್ಟ್ರು ಆ ಹೊತ್ತಿಗೆ ಒಳಗೆ ಕೂತಿರುತ್ತಾರೆ. ಆಗಸ್ಟ್ 15ರ ಫೋಟೊಗಳು ಇನ್ನೂ ಅಪ್‌ಲೋಡ್ ಆಗಿಲ್ಲ.

ಪರಿಹಾರ ಏನು ಎಂದು ಕೇಳುವವರು ಕೇಳಿಯೇ ಕೇಳುತ್ತಾರೆ. ಹೇಳುತ್ತೇನೆ, ಮಾಡುವುದಿಲ್ಲ ಎಂದು ಗೊತ್ತಿದ್ದೇ ಹೇಳುತ್ತೇನೆ. ತಿಂಗಳಿಗೊಂದು ಮಧ್ಯಾಹ್ನ ಕೊಡಿ. ಹತ್ತಿರದ ಪ್ರೌಢಶಾಲೆಯ ಒಂದು ಕೋಣೆ ಕೊಡಿ. ತಟ್ಟೆ, ಲೋಟ, ಎರಡು ಮೇಣದ ಬತ್ತಿ. ವಿಷಯ ಚೆನ್ನಾಗಿ ಬಲ್ಲ ಕಾಲೇಜಿನ ಒಬ್ಬ ಮೇಷ್ಟ್ರನ್ನು ಕಳಿಸಿ. ಅಂತರಜಾಲದ ಒಳ್ಳೆಯ ಸರಕು ಅಲ್ಲಿ ಕೈಗೆ ಬರಲಿ, ತಪ್ಪು ವಿಡಿಯೊ ಯಾವುದು ಎಂದು ನಾಲ್ಕು ಜನ ಕೂತು ಜಗಳವಾಡಿ ತೀರ್ಮಾನಿಸಲಿ. ‘ಇದು ನನಗೆ ಗೊತ್ತಿಲ್ಲ’ ಎಂದವರ ಹೆಸರು ಮೇಲಕ್ಕೆ ವರದಿ ಹೋಗುವುದಿಲ್ಲ ಎಂಬ ಒಂದು ಸಾಲಿನ ಸುತ್ತೋಲೆ ಹೊರಡಿಸಿ. ಪಿಡಿಎಫ್ ಬೇಡ.

ಇದಕ್ಕೆ ಹೆಚ್ಚು ದುಡ್ಡೂ ಬೇಕಿಲ್ಲ. ಅದೇ ಇದರ ದೊಡ್ಡ ದೋಷ. ಟೆಂಡರ್ ಕರೆಯಲು ಸಾಮಾನಿಲ್ಲ. ಮಂತ್ರಿಗಳು ಒತ್ತಿ ಉದ್ಘಾಟಿಸಲು ಗುಂಡಿಯಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಂಡ ಶಿಕ್ಷಕರ ಸಂಖ್ಯೆಯನ್ನು ಪ್ರಗತಿ ಎಂದು ವರದಿಯಲ್ಲಿ ಬರೆಯುವ ಧೈರ್ಯ ಯಾವ ಇಲಾಖೆಗೂ ಇಲ್ಲ.